ಹಿತ್ತಿಲ ಹಕ್ಕರಕಿ

ನೀಲಗಂಗಾಳಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅಮೆರಿಕದ ಕ್ಯಾಂಟನ್ ಊರಿನ ಕನ್ನಡದವರೆಲ್ಲ ಹೇಳುತ್ತಾರೆ. ಹೇಳುವವರಿಗೇನು, ನಾಲಿಗೆಗೆ ಎಲುಬಿಲ್ಲ. ಆ ಸಿಟ್ಟು ಎಲ್ಲಿ ಹುಟ್ಟಿತು, ಎಷ್ಟು ವರ್ಷ ಒಳಗೇ ಕುದಿಯಿತು ಎಂದು ಕೇಳಿದವರು ಒಬ್ಬರೂ ಇಲ್ಲ. ಕಳೆದ ಮೇ ತಿಂಗಳ ಮೊದಲ ಭಾನುವಾರ ಅವಳ ಮನೆಯ ಊಟದಿಂದ ಅರ್ಧಕ್ಕೇ ಎದ್ದು ಹೋದವರು ಕೂಡ ಕಾರು ಹತ್ತುವಾಗ ಹೇಳಿದ್ದು ಒಂದೇ ಮಾತು: ಪಾಪ ವೀರೇಶ್, ಇಂಥ ಹೆಂಗಸಿನ ಜೊತೆ ಹೇಗೆ ಬಾಳಿದನೋ. ಈ ಪಾಪ ವೀರೇಶ್ ಎಂಬ ಮಾತನ್ನೇ ಮೊದಲು ಸುಟ್ಟು ಹಾಕಬೇಕು.

ನೀಲಗಂಗಾಳಿಗೆ ಈಗ ಐವತ್ತೆಂಟು. ನರಗುಂದದ ಹತ್ತಿರದ ಎರೆ ಭೂಮಿಯ ಊರಿನವಳು. ಬಿಎಸ್ಸಿ ಮುಗಿಸಿ ಒಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ, ಇಪ್ಪತ್ತಮೂರಕ್ಕೆ ವೀರೇಶನನ್ನು ಮದುವೆಯಾಗಿ ಮಿಷಿಗನ್‌ಗೆ ಬಂದಳು. ವೀರೇಶ್ ಕಾರಿನ ಬಾಗಿಲುಗಳಿಗೆ ಹಿಡಿಕೆ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ಮೂವತ್ತೈದು ವರ್ಷ ಹಿಡಿಕೆಯನ್ನೇ ಮಾಡಿ ಮೊನ್ನೆ ರಿಟೈರ್ ಆದ. ಅವಳು ಇಲ್ಲಿ ಮತ್ತೆ ಓದಿ, ಪರೀಕ್ಷೆ ಕಟ್ಟಿ, ಒಂದು ಆಸ್ಪತ್ರೆಯ ಲ್ಯಾಬ್ ಸೇರಿಕೊಂಡಳು. ಈಗಲೂ ವಾರಕ್ಕೆ ಮೂರು ದಿನ ಬೇರೆಯವರ ರಕ್ತ ಪರೀಕ್ಷೆ ಮಾಡಿ ಬರುತ್ತಾಳೆ. ಮಗಳು ಸ್ವರೂಪ ನೇಪರ್‌ವಿಲ್‌ನಲ್ಲಿದ್ದಾಳೆ. ಮೊಮ್ಮಗಳು ಅಕ್ಷರಾಳಿಗೆ ಐದು ವರ್ಷ. ಹೊರಗಿನಿಂದ ನೋಡಿದರೆ ಇಷ್ಟೇ, ಸಂಬಂಧ ಬೆಳೆಸಲು ಬಂದವರಿಗೆ ಹೇಳುವಷ್ಟು.

ಹೇಳದೆ ಉಳಿದದ್ದು ಹಕ್ಕರಕಿಯ ವಿಷಯ. ಅವಳ ಊರಿನ ಕಡೆ ಜೋಳದ ಹೊಲದಲ್ಲಿ ತಾನಾಗಿ ಹುಟ್ಟುವ ಸೊಪ್ಪು ಅದು. ಯಾರೂ ಬಿತ್ತುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ನೆಲಕ್ಕೆ ಅಂಟಿಕೊಂಡು ಹರಡಿದ ಹಲ್ಲುಹಲ್ಲಿನ ಎಲೆ, ಮುರಿದರೆ ಹಾಲು. ಅದನ್ನು ಬೇಯಿಸುವ ಗೋಜೇ ಇಲ್ಲ. ಹಸಿಯದನ್ನೇ ತೊಳೆದು ತಾಟಿಗೆ ಹಾಕಿಕೊಂಡು, ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಗಟ್ಟಿ ಮೊಸರಿನ ಜೊತೆ ಕರಕರ ತಿನ್ನುವುದು. ಹಸಿ ತಪ್ಪಲು, ಅಂದರೆ ಸೊಪ್ಪು, ಇಲ್ಲದ ಊಟ ಅವರ ಮನೆಯಲ್ಲಿ ಊಟವೇ ಅಲ್ಲ. ದಕ್ಷಿಣದವರು ಇದನ್ನು ಕೇಳಿ ಮೇಯುವುದು ಎನ್ನುತ್ತಾರೆ. ಅನ್ನಲಿ. ಮೂರು ಹೊತ್ತು ಅನ್ನ ಕಲಸುವವರಿಗೆ ಹಲ್ಲಿನ ಉಪಯೋಗ ಹೇಗೆ ಗೊತ್ತಾಗಬೇಕು?

ಅಮೆರಿಕಕ್ಕೆ ಬಂದ ಮೊದಲ ಏಪ್ರಿಲ್‌ನಲ್ಲಿ ಅವಳು ನಾಲ್ಕು ತಿಂಗಳ ಬಸುರಿ. ವೆಸ್ಟ್‌ಲ್ಯಾಂಡಿನ ಅಪಾರ್ಟ್‌ಮೆಂಟಿನಲ್ಲಿ ಇಡೀ ಚಳಿಗಾಲ ಕಳೆದು, ತಿಂದದ್ದೆಲ್ಲ ಕಕ್ಕಿ, ಬಾಯಿಗೆ ಏನೂ ಸೇರದೆ ಸೊರಗಿದ್ದಳು. ಹಿಮ ಕರಗಿ ಹೊರಗೆ ಹೋದ ದಿನ ಪಾರ್ಕಿಂಗ್ ಪಕ್ಕದ ಹುಲ್ಲಿನಲ್ಲಿ ಹಳದಿ ಹೂವು ಕಂಡಿತು. ಬಗ್ಗಿ ಎಲೆ ನೋಡಿದಳು, ಹಲ್ಲುಹಲ್ಲು. ಮುರಿದಳು, ಹಾಲು. ಬಾಯಿಗೆ ಹಾಕಿಕೊಂಡಳು. ಹಕ್ಕರಕಿಗಿಂತ ಒಂದು ಗುಂಜಿ ಕಹಿ ಜಾಸ್ತಿ, ಉಳಿದದ್ದೆಲ್ಲ ಅದೇ. ಇಲ್ಲಿಯವರು ಅದನ್ನು ಡ್ಯಾಂಡೆಲಿಯನ್ ಎನ್ನುತ್ತಾರೆಂದೂ ಕಳೆಯೆಂದು ಕಿತ್ತೆಸೆಯುತ್ತಾರೆಂದೂ ಅವಳಿಗೆ ತಿಳಿದದ್ದು ಆಮೇಲೆ. ಆ ದಿನ ಮಾತ್ರ ಸೆರಗಿನ ತುಂಬ ಬಿಡಿಸಿಕೊಂಡು ಬಂದು, ನಾಲ್ಕು ತಿಂಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಉಂಡದ್ದು ಹೊಟ್ಟೆಯಲ್ಲಿ ನಿಂತಿತು. ಸ್ವರೂಪ ಬೆಳೆದದ್ದು ಆ ಕಹಿಯ ಮೇಲೆಯೇ ಎಂದು ಅವಳು ಇವತ್ತಿಗೂ ನಂಬುತ್ತಾಳೆ.

ಮುಂದಿನ ವಾರ ವೀರೇಶನ ಮ್ಯಾನೇಜರ್ ಅವನನ್ನು ಕರೆದುಕೊಂಡು ಹೋಗಲು ಬಂದ. ಹುಲ್ಲಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ನೀಲಗಂಗಾಳನ್ನು ನೋಡಿ, ಮೊಲ ಸಾಕಿದ್ದೀರೇನು ಎಂದು ಕೇಳಿದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ವೀರೇಶ್ ಅವನಿಗಿಂತ ಜೋರಾಗಿ ನಕ್ಕ. ಹೌದು, ಮೊಲ ಸಾಕಿದ್ದೇವೆ ಎಂದ. ಸಂಜೆ ಮನೆಗೆ ಬಂದು, ಮಂದಿಯ ಮುಂದೆ ಇನ್ನು ಮೇಲೆ ಇದನ್ನು ಮಾಡಬೇಡ ಎಂದು ತಣ್ಣಗೆ ಹೇಳಿದ. ಬಸುರಿ ಹೆಂಡತಿ ಹೊಟ್ಟೆ ತುಂಬ ಉಂಡಳಲ್ಲ ಎಂಬ ಸಂತೋಷ ಆ ಗಂಡಸಿನ ಮುಖದಲ್ಲಿ ಒಂದು ಚೂರೂ ಇರಲಿಲ್ಲ. ಅವಳಿಗೆ ಸಿಟ್ಟು ಬಂದದ್ದು ಆವತ್ತು. ಆದರೆ ಹೊಸ ದೇಶ, ಹೊಸ ಗಂಡ, ಹೊಟ್ಟೆಯಲ್ಲಿ ಮಗು. ನುಂಗಿಕೊಂಡಳು.

ಕ್ಯಾಂಟನ್ನಿನಲ್ಲಿ ಮನೆ ಕೊಂಡ ಮೇಲೆ ವೀರೇಶನಿಗೆ ಲಾನಿನ ಹುಚ್ಚು ಹಿಡಿಯಿತು. ಆ ಬಡಾವಣೆಯ ಎಲ್ಲ ಗಂಡಸರಿಗೂ ಇರುವ ಹುಚ್ಚೇ ಅದು, ಇವನಿಗೆ ಒಂದು ಹಿಡಿ ಹೆಚ್ಚು. ಹುಲ್ಲು ಎರಡೂವರೆ ಇಂಚಿನ ಮೇಲೆ ಬೆಳೆದರೆ ಅವನಿಗೆ ನಿದ್ದೆ ಬಾರದು. ಎಷ್ಟೋ ಜಗಳವಾಗಿ ಕೊನೆಗೆ ಒಂದು ಒಪ್ಪಂದವಾಯಿತು: ಹಿತ್ತಿಲ ಶೆಡ್ಡಿನ ಹಿಂದೆ ಹತ್ತಡಿ ಉದ್ದ, ನಾಲ್ಕಡಿ ಅಗಲದ ಪಟ್ಟಿ ಅವಳದು. ಅಲ್ಲಿ ಕಳೆ ಕೊಲ್ಲುವ ಔಷಧ ಬೀಳುವುದಿಲ್ಲ. ಆದರೆ ಒಂದೇ ಒಂದು ಹಳದಿ ಹೂವು ಅಕ್ಕಪಕ್ಕದವರ ಕಣ್ಣಿಗೆ ಬೀಳಬಾರದು. ಅದಕ್ಕಾಗಿ ಇಪ್ಪತ್ತೆರಡು ವರ್ಷ ಅವಳು ಪ್ರತಿ ವಸಂತದಲ್ಲೂ ಬೆಳಗಿನ ಕೆಲಸಕ್ಕೆ ಮೊದಲು ಕೋಟು ತೊಟ್ಟು ಶೆಡ್ಡಿನ ಹಿಂದೆ ಹೋಗಿ, ಅರಳುವ ಮೊದಲೇ ಮೊಗ್ಗುಗಳನ್ನು ಚಿವುಟಿ ಬರುತ್ತಿದ್ದಳು. ತಿನ್ನುವುದೂ ಹಾಗೆಯೇ. ಗಂಡ ಇಲ್ಲದ ಹೊತ್ತು, ಅಡಿಗೆಮನೆಯ ಸಿಂಕಿನ ಮುಂದೆ ನಿಂತು, ನಿನ್ನೆಯ ರೊಟ್ಟಿಯ ಜೊತೆ. ಸ್ವಂತ ಮನೆಯಲ್ಲಿ, ಸ್ವಂತ ದುಡಿಮೆಯ ಮನೆಯಲ್ಲಿ, ಒಂದು ಎಲೆಯನ್ನು ಕದ್ದು ತಿನ್ನುವ ಬದುಕು.

ಈ ವರ್ಷ ವೀರೇಶ್ ಕನ್ನಡ ಸಂಘದ ಅಧ್ಯಕ್ಷನಾದ. ಕೈಯಲ್ಲಿ ಕೆಲಸವಿಲ್ಲದವನಿಗೆ ಕುರ್ಚಿ ಸಿಕ್ಕರೆ ಕೇಳಬೇಕೆ? ಏಪ್ರಿಲ್‌ನಲ್ಲಿ ಕೊನೆಯ ಹಿಮ ಬಿದ್ದ ಮರುದಿನವೇ ಸಂಘದ ವಾಟ್ಸ್ಯಾಪ್‌ನಲ್ಲಿ ಒಂದು ಪಟ್ಟಿ ಹಾಕಿದ: ಈ ವಸಂತದಲ್ಲಿ ಸವಿಯಬೇಕಾದ ಸಣ್ಣ ಸಣ್ಣ ಸುಖಗಳು. ಇಲ್ಲಿಯದೇ ಹಾಲೆಂಡ್ ಊರಿನ ಟ್ಯುಲಿಪ್ ನೋಡಿ ಬನ್ನಿ. ಮೇಪಲ್ ಪಾಕ ಬಿಸಿಬಿಸಿ ಇರುವಾಗಲೇ ದೋಸೆಗೆ ಹಚ್ಚಿಕೊಳ್ಳಿ. ಅರವತ್ತು ಡಿಗ್ರಿ ಫ್ಯಾರನ್‌ಹೀಟ್ ಆದ ದಿನ ಕಾರಿನ ಕಿಟಕಿ ಇಳಿಸಿ ಡ್ರೈವ್ ಮಾಡಿ. ಲೈಲಾಕ್ ಹೂಗಿಡದ ಕೆಳಗೆ ಐದು ನಿಮಿಷ ಸುಮ್ಮನೆ ನಿಲ್ಲಿ. ಹೀಗೆ ಹದಿನಾಲ್ಕು. ಜನ ಕೈ ಮುಗಿದರು, ಹೃದಯ ಒತ್ತಿದರು, ಅಂಕಲ್ ನೀವು ಕವಿ ಎಂದರು.

ಹದಿನೈದನೆಯದಾಗಿ ಹಸಿ ತಪ್ಪಲು ಸೇರಿಸಿ ಎಂದು ನೀಲಗಂಗಾ ಹೇಳಿದಳು. ತಮಾಷೆಗೆ ಹೇಳಿದ್ದಲ್ಲ, ಕೇಳಿಕೊಂಡಿದ್ದು. ವೀರೇಶ್ ಫೋನಿನಿಂದ ತಲೆ ಎತ್ತದೆ, ಮಂದಿ ನಗುತ್ತಾರೆ, ನಾವೇನು ದನವೇ ಎಂದ. ಲೈಲಾಕ್ ಕೆಳಗೆ ಸುಮ್ಮನೆ ನಿಲ್ಲಲು ಊರಿಗೆಲ್ಲ ಹೇಳಿಕೊಡುವ ಮನುಷ್ಯ ಇದು.

ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರಭಾ ಬಿಡಲಿಲ್ಲ. ಪ್ರಭಾ ಮೈಸೂರಿನವಳು, ಆ್ಯನ್ ಆರ್ಬರ್‌ನಲ್ಲಿ ಮಕ್ಕಳ ಡಾಕ್ಟರ್, ನೀಲಗಂಗಾಳಿಗೆ ಇಪ್ಪತ್ತು ವರ್ಷದ ಗೆಳತಿ. ಹೋದ ವರ್ಷ ಒಂದು ದಿನ ಮುನ್ಸೂಚನೆ ಕೊಡದೆ ಬಂದವಳು ಸಿಂಕಿನ ಮುಂದೆ ಇವಳು ತಿನ್ನುತ್ತಿದ್ದುದನ್ನು ನೋಡಿ, ಒಂದು ತುತ್ತು ಕಿತ್ತುಕೊಂಡು ತಿಂದಿದ್ದಳು. ಅವಳು ಸಂಘದ ಗುಂಪಿನಲ್ಲೇ ಎಲ್ಲರ ಎದುರು ಬರೆದಳು: ಅಧ್ಯಕ್ಷರ ಪಟ್ಟಿಯಲ್ಲಿ ಇಲ್ಲದ ಒಂದು ಸುಖ ಅಧ್ಯಕ್ಷರ ಹಿತ್ತಿಲಲ್ಲೇ ಇದೆ, ನಮಗೆ ಯಾವಾಗ ಬಡಿಸುತ್ತೀರಿ? ಹತ್ತು ಜನ ಅದೇನೆಂದು ಕೇಳಿದರು. ವೀರೇಶ್ ಹಲ್ಲು ಕಿರಿಯಲೇ ಬೇಕಾಯಿತು. ಬಸವ ಜಯಂತಿ ಬುಧವಾರ ಬಂದಿದ್ದರಿಂದ ಅದರ ಮುಂದಿನ ಭಾನುವಾರ ಹನ್ನೊಂದು ಜನಕ್ಕೆ ಮನೆಯಲ್ಲಿ ರೊಟ್ಟಿ ಊಟ ಎಂದು ನಿಗದಿಯಾಯಿತು.

ನೀಲಗಂಗಾಳಿಗೆ ಆದ ಸಂತೋಷ ಎಷ್ಟೆಂದು ಅವಳು ಯಾರಿಗೂ ಹೇಳಲಿಲ್ಲ. ಮೂವತ್ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಬಚ್ಚಿಟ್ಟುಕೊಂಡು ತಿಂದದ್ದು ಮಂದಿಯ ತಾಟಿನಲ್ಲಿ, ಹಗಲು ಬೆಳಕಿನಲ್ಲಿ ಬರುವುದಿತ್ತು. ಅದೊಂದು ಊಟ ಸರಿಯಾಗಿ ಆಗಿಬಿಟ್ಟರೆ ಸಾಕು, ಮೊಲದ ಮಾತು ಅಳಿಸಿಹೋಗುತ್ತದೆ ಎಂದುಕೊಂಡಳು. ಮೂರು ವಾರ ಮೊಗ್ಗು ಚಿವುಟಿ ಎಲೆ ಎಳಸಾಗಿರುವಂತೆ ನೋಡಿಕೊಂಡಳು. ಬಲಿತ ಎಲೆ ಕಿತ್ತೆಸೆದಳು. ಅವಳ ಊರಿನ ಕಡೆಯ ಭಾರತೀಯ ಅಂಗಡಿಗಳ ಸಾಲು ಡೆವನ್ ಅವೆನ್ಯೂವಿನಿಂದ ಗುರೆಳ್ಳು ತರಲು ಸ್ವರೂಪಳಿಗೆ ಹೇಳಿದಳು.

ಶುಕ್ರವಾರ ಅವಳಿಗೆ ಲ್ಯಾಬ್ ಡ್ಯೂಟಿ. ಸಂಜೆ ಬಂದಾಗ ಅಂಗಳ ತುಂಬ ಚೊಕ್ಕಟವಾಗಿ ಕಂಡಿತು. ಊಟಕ್ಕೆ ಜನ ಬರುತ್ತಾರಲ್ಲ, ಹುಲ್ಲು ಕತ್ತರಿಸಿದ್ದಾನೆ ಎಂದುಕೊಂಡಳು. ವಸಂತ ಬಂತೆಂದರೆ ಮರಗಳ ಪರಾಗಕ್ಕೆ ಅವಳ ಮೂಗು ಕಟ್ಟಿಬಿಡುತ್ತದೆ, ಎರಡು ತಿಂಗಳು ಒಗ್ಗರಣೆಯ ವಾಸನೆಯೂ ತಿಳಿಯದು. ಶನಿವಾರ ಬೆಳಿಗ್ಗೆ ಶೆಡ್ಡಿನ ಹಿಂದೆ ಹೋದಾಗ ಎಲೆಯ ತುದಿಗಳು ಸ್ವಲ್ಪ ಮುರುಟಿದ್ದವು. ಬಿಸಿಲು ಹೆಚ್ಚಾಗಿದೆ, ಬಾಯಾರಿವೆ ಎಂದು ಎರಡು ಕ್ಯಾನು ನೀರು ಹಾಕಿ ಬಂದಳು.

ಶನಿವಾರ ಮಧ್ಯಾಹ್ನ ಸ್ವರೂಪ ಅಕ್ಷರಾಳನ್ನು ಕರೆದುಕೊಂಡು ಬಂದಳು. ಅಳಿಯನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ನೀಲಗಂಗಾ ಅರವತ್ತು ರೊಟ್ಟಿ ಬಡಿದಳು. ಅಂಗೈ ಬೀಸಿ ಬೀಸಿ ಹಿಟ್ಟು ತಿರುಗುವುದನ್ನು ಅಕ್ಷರಾ ಸ್ಟೂಲಿನ ಮೇಲೆ ನಿಂತು ನೋಡಿ, ತಾನೂ ಒಂದು ಬಡಿದು ಅದಕ್ಕೆ ಮಿಷಿಗನ್ನಿನ ಆಕಾರ ಬಂದಿದೆ ಎಂದಳು. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಹೋಳಿಗೆ, ಮೊಸರು. ಇನ್ನು ಉಳಿದದ್ದು ತಪ್ಪಲು ಒಂದೇ. ಅದನ್ನು ಉಣ್ಣುವ ದಿನವೇ ಕೊಯ್ಯಬೇಕು.

ಭಾನುವಾರ ಬೆಳಿಗ್ಗೆ ಬುಟ್ಟಿ ತುಂಬ ಕೊಯ್ದು ತಂದು ಸಿಂಕಿನಲ್ಲಿ ಸುರಿದಳು. ವೀರೇಶ್ ಅಡಿಗೆಮನೆಯ ಮೇಜಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದ. ಅವಳು ಒಂದು ಎಲೆ ತೊಳೆದು, ಉಪ್ಪಿಗೆ ಅದ್ದಿ, ಅವನ ಎದುರೇ ಬಾಯಿಗೆ ಹಾಕಿಕೊಂಡಳು. ಇವತ್ತು ಕದಿಯುವ ಕಾರಣವಿರಲಿಲ್ಲವಲ್ಲ. ಅವನು ನೋಡಿದ. ಅಗಿಯುವುದನ್ನೂ ನುಂಗುವುದನ್ನೂ ನೋಡಿದ. ಆಮೇಲೆ ಚಹಾದ ಕಪ್ಪಿನ ಕಡೆ ಮುಖ ಮಾಡಿ ಹೇಳಿದ:

"ಚೊಲೋ ತೊಳಿ ಅದನ್ನ. ಎರಡ ಸಲ ತೊಳಿ."

ಮೂವತ್ನಾಲ್ಕು ವರ್ಷದಲ್ಲಿ ಅವನು ತಪ್ಪಲಿನ ಬಗ್ಗೆ ಆಡಿದ ಮೊದಲ ಕಾಳಜಿಯ ಮಾತು ಅದು. ಅವಳು ಹಿಗ್ಗಿ ಹೋದಳು. ಮೂರು ಸಲ ತೊಳೆದಳು. ತೊಳೆಯುತ್ತ, ಮನುಷ್ಯ ವಯಸ್ಸಾದ ಮೇಲಾದರೂ ಸುಧಾರಿಸುತ್ತಾನೆ ಎಂದು ಮನಸ್ಸಿನಲ್ಲೇ ಅವನನ್ನು ಕ್ಷಮಿಸಿಯೂ ಬಿಟ್ಟಳು. ಎಂಥ ಮೂರ್ಖತನ.

ಹನ್ನೆರಡೂವರೆಗೆ ಎಲ್ಲರೂ ಬಂದರು. ಅರವತ್ತೆಂಟು ಡಿಗ್ರಿ, ಮೋಡವಿಲ್ಲ. ಮನೆಯ ಹಿಂದಿನ ಮರದ ಜಗಲಿಯಂಥ ಡೆಕ್ಕಿನ ಮೇಲೆ ಮೂರು ಮೇಜು ಜೋಡಿಸಿ ಸ್ಟೀಲಿನ ತಾಟು ಹಾಕಿತ್ತು. ಪ್ರಭಾಳ ಜೊತೆ ಗಂಡ ಹಯವದನ ಬಂದಿದ್ದ. ವೀರೇಶನ ಕಂಪನಿಯಲ್ಲಿ ಅವನ ಕೈಕೆಳಗೆ ಕೆಲಸ ಮಾಡಿದ್ದ, ಈಗ ಸಂಘದ ಕಾರ್ಯದರ್ಶಿಯಾಗಿರುವ ಸತೀಶ ಹೆಂಡತಿ ಛಾಯಾಳೊಡನೆ ಬಂದಿದ್ದ. ಬಂದವನೇ ಡೆಕ್ಕಿನಿಂದ ಹಿತ್ತಿಲನ್ನು ನೋಡಿ, ಅಂಕಲ್ ಲಾನ್ ಅಂದರೆ ಕಾರ್ಪೆಟ್ ಎಂದ. ವೀರೇಶ್ ಹೂಂ ಎಂದ, ಆದರೆ ಎಂದಿನಂತೆ ಗೊಬ್ಬರದ ಪುರಾಣ ಬಿಚ್ಚಲಿಲ್ಲ.

ನೀಲಗಂಗಾ ಬಡಿಸುತ್ತ ಬಂದಳು. ಪ್ರತಿ ತಾಟಿಗೆ ಒಂದು ಹಿಡಿ ತಪ್ಪಲು, ಅದರ ಮೇಲೆ ಹೆಚ್ಚಿದ ಉಳ್ಳಾಗಡ್ಡಿ. ಜನ ಬಗ್ಗಿ ನೋಡಿದರು, ಇದೇನಾ ಅದು, ನಮ್ಮ ಮನೆಯ ಮುಂದೂ ಇದೆಯಲ್ಲ ಎಂದರು. ಯಾರೂ ನಗಲಿಲ್ಲ. ಎಲ್ಲರಿಗೂ ಬಡಿಸಿ, ಮನೆಯವರು ಉಣ್ಣಿರಿ ಎನ್ನುವ ತನಕ ಯಾರೂ ತಾಟಿಗೆ ಕೈ ಹಾಕುವುದಿಲ್ಲ. ಹಿರಿಯರು ಹಾಗೇ ಕಾದು ಕುಳಿತಿದ್ದರು. ಐದು ವರ್ಷದ ಅಕ್ಷರಾಳಿಗೆ ಈ ನಿಯಮ ಯಾರು ಹೇಳಿರಬೇಕು? ಅವಳು ಒಂದು ಎಲೆ ಎತ್ತಿ ಬಾಯಿಯ ಹತ್ತಿರ ತಂದಳು.

ಪಕ್ಕದಲ್ಲಿ ಕುಳಿತಿದ್ದ ವೀರೇಶ್ ಅವಳ ಮಣಿಕಟ್ಟು ಹಿಡಿದ. ಬೆರಳಿನಿಂದ ಎಲೆ ಬಿಡಿಸಿದ. ಅವಳ ತಾಟಿನಲ್ಲಿದ್ದ ಅಷ್ಟೂ ತಪ್ಪಲನ್ನು ಎತ್ತಿ ಪೇಪರ್ ನ್ಯಾಪ್ಕಿನ್ನಿನಲ್ಲಿ ಸುತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡ. ನೀನು ಬೇಡ ಕಂದ, ಕಹಿ ಎಂದು ಮೆಲ್ಲಗೆ ಹೇಳಿದ. ಅಕ್ಷರಾ ಗಟ್ಟಿಯಾಗಿ, "ಬಟ್ ಐ ಲೈಕ್ ಬಿಟರ್, ಅಜ್ಜ" ಎಂದಳು. ಅವನು ಅವಳ ಕೈ ಬಿಡಲಿಲ್ಲ.

ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದ ನೀಲಗಂಗಾ ಇದನ್ನೆಲ್ಲ ನೋಡಿದಳು. ಮೊದಲು ಅವನ ಕೈ ನೋಡಿದಳು. ಆಮೇಲೆ ಅವನ ತಾಟು ನೋಡಿದಳು, ಅಲ್ಲಿ ತಪ್ಪಲು ಅಂಚಿಗೆ ಸರಿದಿತ್ತು. ಆಮೇಲೆ ಮುರುಟಿದ ಎಲೆಗಳು, ಎರಡು ಸಲ ತೊಳಿ ಎಂದ ಮಾತು ಎಲ್ಲ ಒಟ್ಟಿಗೆ ತಲೆಗೆ ಬಂದವು. ಅವಳು ಎಳೆಯವಳಿದ್ದಾಗ ಊರಲ್ಲಿ ಹತ್ತಿಯ ಹೊಲಕ್ಕೆ ಔಷಧ ಹೊಡೆದ ಮರುದಿನ ಬದುವಿನ ತಪ್ಪಲು ಹೀಗೇ ಮುರುಟುತ್ತಿತ್ತು. ಔಷಧ ಹೊಡೆಯುವುದನ್ನು ಅವರು ಎಣ್ಣೆ ಹೊಡೆಯುವುದು ಎನ್ನುತ್ತಿದ್ದರು.

ಅವಳು ಬುಟ್ಟಿಯನ್ನು ಮೇಜಿನ ಮೇಲೆ ಇಟ್ಟಳು.

"ಎಣ್ಣಿ ಹೊಡಸೀರೇನ್ರಿ?"

"ಒಳಗ ಬಾ, ಮಾತಾಡೋಣು."

"ಇಲ್ಲೇ ಹೇಳ್ರಿ."

ವೀರೇಶ್ ಸುತ್ತ ನೋಡಿದ. ಸಂಘದ ಸಭೆಯಲ್ಲಿ ಅರ್ಧ ತಾಸು ಮಾತಾಡುವವನಿಗೆ ಈಗ ನಾಲ್ಕು ಮಾತು ಜೋಡಿಸಲು ಬರಲಿಲ್ಲ. ಶುಕ್ರವಾರ ಲಾನಿನ ಕಂಪನಿಯವರು ಬಂದಿದ್ದರು, ಮಂದಿ ಬರುತ್ತಾರೆಂದು ಹಿಂದಿನದನ್ನೂ ಮುಗಿಸಿ ಎಂದೆ, ಅಷ್ಟು ಹೊತ್ತಿಗೆ ಅವಳು ಕೊಯ್ದಿಟ್ಟಿದ್ದಾಳೆ ಎಂದುಕೊಂಡೆ, ಅವರು ನೆಟ್ಟು ಹೋದ ಎಚ್ಚರಿಕೆಯ ಹಳದಿ ಬಾವುಟ ಚೆನ್ನಾಗಿ ಕಾಣಲಿಲ್ಲವೆಂದು ಕಿತ್ತಿಟ್ಟೆ, ಬೆಳಿಗ್ಗೆ ಬುಟ್ಟಿ ನೋಡಿದ ಮೇಲೆ ತೊಳೆದರೆ ಹೋಗುತ್ತದೆ ಎನಿಸಿತು. ಇಷ್ಟನ್ನು ಅವನು ತಡವರಿಸಿ ತಡವರಿಸಿ ಹೇಳಿದ.

"ಯಾರೂ ತಪ್ಪಲು ಮುಟ್ಟಬ್ಯಾಡ್ರಿ," ಎಂದಳು ನೀಲಗಂಗಾ. "ಅದರ ಮ್ಯಾಲೆ ಹುಲ್ಲಿಗೆ ಹೊಡಿಯೋ ವಿಷ ಬಿದ್ದೈತಿ."

ಒಂದೊಂದೇ ತಾಟು ಎತ್ತಿಕೊಂಡು ಹೋಗಿ ಕಸದ ಚೀಲಕ್ಕೆ ಸುರಿದಳು. ಹನ್ನೊಂದು ಜನರ ತಾಟು, ಮನೆಯವರದು ನಾಲ್ಕು. ತಪ್ಪಲಿಗೆ ತಾಗಿದ ರೊಟ್ಟಿ, ಎಣ್ಣೆಗಾಯಿ ಎಲ್ಲ ಹೋಯಿತು. ಪ್ರಭಾ ಎದ್ದು ಬಂದು ಡಾಕ್ಟರ್ ಧ್ವನಿಯಲ್ಲಿ, ಯಾರಾದರೂ ತಿಂದಿದ್ದೀರಾ ಎಂದು ಕೇಳಿದಳು. ಎಲ್ಲರೂ ಇಲ್ಲ ಎಂದು ತಲೆ ಆಡಿಸಿದರು.

"ನಾ ತಿಂದೀನಿ," ಎಂದಳು ನೀಲಗಂಗಾ. "ಮುಂಜಾನಿ. ಇವರ ಮುಂದ ನಿಂತು ತಿಂದೆ. ಇವರು ಚಾ ಕುಡಕೋತ ನೋಡಿದ್ರು."

ಪ್ರಭಾ ವಿಷದ ಸಹಾಯವಾಣಿಗೆ ಫೋನ್ ಮಾಡಿದಳು. ತೊಳೆದ ಒಂದೇ ಎಲೆ, ಅಪಾಯವಿಲ್ಲ, ನೀರು ಕುಡಿಯಲಿ, ವಾಂತಿ ಆದರೆ ಆಸ್ಪತ್ರೆಗೆ ಬರಲಿ ಎಂದು ಆ ಕಡೆಯ ನರ್ಸ್ ಹೇಳಿದಳು. ಒಂದೇ ಎಲೆ ಎನ್ನುವುದು ನೀಲಗಂಗಾಳಿಗೂ ಗೊತ್ತಿತ್ತು, ಲ್ಯಾಬಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳು. ಅವಳ ಸಿಟ್ಟು ಎಲೆಯ ಲೆಕ್ಕದ್ದಲ್ಲ.

ಆಗ ಶುರುವಾಯಿತು ಸಮಾಧಾನ. ಸತೀಶ ಬಂದು, ಹೋಗಲಿ ಬಿಡಿ ಆಂಟಿ, ಅಂಕಲ್‌ಗೆ ಗೊತ್ತಾಗಲಿಲ್ಲ ಎಂದ. ಛಾಯಾ, ಯಾರಿಗೂ ಏನೂ ಆಗಲಿಲ್ಲವಲ್ಲ, ಹಬ್ಬದ ದಿನ ಯಾಕೆ ಎಂದಳು. ಒಬ್ಬರು ಹೋಳಿಗೆಯನ್ನಾದರೂ ತಿನ್ನೋಣ ಎಂದರು. ಸ್ವರೂಪ ತಾಯಿಯ ಭುಜ ಹಿಡಿದು, "ಮಮ್ಮಿ, ಪ್ಲೀಸ್, ನಾಟ್ ನೌ" ಎಂದಳು. ನೀಲಗಂಗಾ ಮಗಳ ಕೈ ತೆಗೆದಳು. ಈ ನಾಟ್ ನೌ ಎನ್ನುವುದನ್ನು ಕೇಳಿ ಕೇಳಿ ಮೂವತ್ನಾಲ್ಕು ವರ್ಷ ಕಳೆದವು ಎಂದು ಅವಳಿಗೆ ಕೂಗಬೇಕೆನಿಸಿತು. ಕೂಗಲಿಲ್ಲ. ಸತೀಶನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಗೊತ್ತಿರಲಿಲ್ಲ ಅನಬ್ಯಾಡ್ರಿ. ಮೊಮ್ಮಗಳ ಕೈ ಹಿಡದ್ರಲ್ಲ, ಗೊತ್ತಿತ್ತು. ನಿಮ್ಮ ತಾಟಿನ್ಯಾಗ ಇದ್ದದ್ದೂ ಗೊತ್ತಿತ್ತು. ನಿಮ್ಮ ಕೈ ಯಾರೂ ಹಿಡೀಲಿಲ್ಲ."

ಸತೀಶ ತನ್ನ ತಾಟು ಇದ್ದ ಜಾಗದ ಕಡೆ ನೋಡಿದ. ಅದನ್ನು ಅವನು ಅಲ್ಲಿಯವರೆಗೆ ಲೆಕ್ಕ ಹಾಕಿರಲಿಲ್ಲವೆಂದು ಕಾಣುತ್ತದೆ. ಲೆಕ್ಕ ಹಾಕಿದ ಮೇಲೂ ಅವನು ಅಧ್ಯಕ್ಷರ ಪಕ್ಕದಲ್ಲೇ ನಿಂತ, ಅದು ಬೇರೆ ಮಾತು. ನಾಲ್ಕು ಜನ ಅವನ ಜೊತೆಗಿದ್ದರು. ಹೆಂಗಸಿನ ಸಿಟ್ಟು ಕಂಡರೆ ಅದರ ಕಾರಣ ಯಾರಿಗೂ ಕಾಣುವುದಿಲ್ಲ.

ಪ್ರಭಾ ಅಡಿಗೆಮನೆಗೆ ಹೋಗಿ ಉಳಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಹಿಂಡಿಯ ಡಬ್ಬಿ, ಮೊಸರಿನ ಪಾತ್ರೆ ಎತ್ತಿಕೊಂಡು ಬಂದಳು.

"ನಮ್ಮನೆಗೆ ನಡಿ ನೀಲಾ. ನಮ್ಮ ಅಂಗಳ ಪೂರ್ತಿ ಹಳದಿ. ಹನ್ನೆರಡು ವರ್ಷದಿಂದ ಇವರು ಅದಕ್ಕೆ ಏನೂ ಹಾಕಿಲ್ಲ, ಬರೀ ಸೋಮಾರಿತನ."

ಹಯವದನ ಸೋಮಾರಿತನವನ್ನು ಸಂತೋಷದಿಂದ ಒಪ್ಪಿಕೊಂಡ. ನೀಲಗಂಗಾ ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಗಂಡನ ಕಡೆ ನೋಡದೆ ಮೆಟ್ಟಿಲಿಳಿದಳು. ಸ್ವರೂಪ ತಂದೆಯನ್ನೂ ತಾಯಿಯನ್ನೂ ನೋಡುತ್ತ ಸ್ವಲ್ಪ ಹೊತ್ತು ನಿಂತು, ಅಕ್ಷರಾಳಿಗೆ ಶೂ ಹಾಕಿದಳು. ಆ್ಯನ್ ಆರ್ಬರ್ ಹದಿನೈದು ಮೈಲಿ. ಸತೀಶನ ಜೊತೆ ನಿಲ್ಲದ ಅತಿಥಿಗಳೂ ಹೊರಟರು, ಮೂರು ಕಾರು ಒಂದರ ಹಿಂದೆ ಒಂದು ಹೋದವು.

ಹಯವದನನ ಅಂಗಳ ನಿಜವಾಗಿಯೂ ನಾಚಿಕೆಗೇಡು. ಬೇಲಿಯಿಂದ ಬೇಲಿಯ ತನಕ ಹಳದಿ, ನಡುನಡುವೆ ನೇರಳೆ ಬಣ್ಣದ ಕಾಡು ಹೂವು, ಹುಲ್ಲು ಮೊಣಕಾಲಿಗೆ ಸ್ವಲ್ಪ ಕೆಳಗೆ. ನೀಲಗಂಗಾ ಚಪ್ಪಲಿ ಬಿಟ್ಟು ನಡುವೆ ಕುಳಿತು ಎಳೆ ಎಲೆ ಆರಿಸಿದಳು. ಅರಳಿದ ಹೂವನ್ನು ಚಿವುಟುವ ಅಗತ್ಯವಿರಲಿಲ್ಲ. ಬೆರಳು ರೂಢಿಯಿಂದ ಎರಡು ಸಲ ಮೊಗ್ಗಿನ ಕಡೆ ಹೋಯಿತು, ಹಿಂದಕ್ಕೆ ತೆಗೆದುಕೊಂಡಳು. ಒಂದು ಸಲ ತೊಳೆದು ತಂದು, ಚಾಪೆಯ ಮೇಲೆ ಕುಳಿತವರಿಗೆ ಬಡಿಸಿದಳು. ಮೊದಲ ತುತ್ತಿಗೆ ಎಲ್ಲರ ಮುಖವೂ ಕಿವುಚಿತು. ಎರಡನೆಯ ತುತ್ತಿಗೆ ಹಿಂಡಿ ಕೇಳಿದರು, ಮೂರನೆಯದಕ್ಕೆ ಮಾತು ನಿಲ್ಲಿಸಿದರು. ಅಕ್ಷರಾ ಎಲೆಯನ್ನು ಮೊಸರಿನಲ್ಲಿ ಮುಳುಗಿಸಿ ಮುಳುಗಿಸಿ ತಿಂದಳು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ನೀಲಗಂಗಾ ಎರಡು ರೊಟ್ಟಿ ಉಂಡಳು, ಕುಳಿತು, ಮಂದಿಯ ನಡುವೆ, ನಿಧಾನವಾಗಿ. ಅವಳಿಗೆ ಸುಖವಾಯಿತು, ಸಿಟ್ಟು ಮಾತ್ರ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ. ಇದು ಇಷ್ಟು ಸುಲಭವಿತ್ತಲ್ಲ, ಇಷ್ಟನ್ನು ಅವನು ಒಂದು ದಿನ ಕೊಡಲಿಲ್ಲವಲ್ಲ ಎಂದು ಇನ್ನಷ್ಟು ಹೆಚ್ಚಿತು.

ಆರು ಗಂಟೆಗೆ ವೀರೇಶನ ಫೋನ್ ಬಂತು. ಉಳಿದವರೆಲ್ಲ ಹೋದರು, ತಾಟು ತೊಳೆದಿಟ್ಟಿದ್ದೇನೆ, ಹೊಟ್ಟೆ ಹೇಗಿದೆ, ಯಾವಾಗ ಬರುತ್ತಿ ಎಂದು ಕೇಳಿದ. ಅವಳು ಎದ್ದು ಬೇಲಿಯ ಹತ್ತಿರ ಹೋದಳು.

"ನಾ ಬಾಯಾಗ ಹಾಕ್ಕೊಳ್ಳೋದನ್ನ ನೋಡಿದ್ರಿ. ಯಾಕ ಹೇಳಲಿಲ್ಲ? ಅದೊಂದು ಹೇಳ್ರಿ, ಉಳಿದದ್ದು ಆಮ್ಯಾಲೆ."

ಸುಳ್ಳು ಹುಡುಕಿ ಸಿಗದವನಂತೆ ಅವನು ನಿಜ ಹೇಳಿದ.

"ಹೇಳಿದ್ರ ನೀ ಸಿಟ್ಟಾಗ್ತಿದ್ದಿ."

ನೀಲಗಂಗಾ ಬೇಲಿಯ ಹಲಗೆಯನ್ನು ಹಿಡಿದುಕೊಂಡಳು. ಹನ್ನೊಂದು ಜನ ಬರುವ ದಿನ ಹೆಂಡತಿಯ ಮುಖ ಕೆಡಬಾರದೆಂದು, ಅವಳ ಗಂಟಲಲ್ಲಿ ವಿಷ ಇಳಿಯುವುದನ್ನು ಚಹಾ ಕುಡಿಯುತ್ತ ನೋಡಿದವನು ಈ ಮನುಷ್ಯ. ಮೂವತ್ನಾಲ್ಕು ವರ್ಷ ಇವನ ಪಕ್ಕದಲ್ಲಿ ಮಲಗಿ ಎದ್ದಿದ್ದಳು.

"ಸಿಟ್ಟಾದ ಹೆಂಡತಿಗಿಂತ ಎಣ್ಣಿ ತಿಂದ ಹೆಂಡತಿ ಚೊಲೋ ಅನಿಸಿತೇನ್ರಿ ನಿಮಗ?"

ಅವಳು ಫೋನ್ ಇಟ್ಟು ಚಾಪೆಯ ಹತ್ತಿರ ವಾಪಸು ಬಂದು, ನಿಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆಯೇ ಎಂದು ಪ್ರಭಾಳನ್ನು ಕೇಳಿದಳು.